ಮಫ್ಲರಿನ ಕೆಳಗಿನ ಕೈ

ದೆವ್ವ, ಭೂತ ಎಂದರೆ ನಗುತ್ತಿದ್ದ ಮನುಷ್ಯ ನಾನು. ದನದ ಸಂತೆಯಲ್ಲಿ ದಲಾಲಿ ಮಾಡಿ ಮೇಲೆ ಬಂದವನು. ಬಾಯಿ ತೆರೆಸಿ ಹಲ್ಲು ನೋಡದೆ ಎತ್ತನ್ನೇ ನಂಬದವನು, ಕಾಣದ್ದನ್ನು ನಂಬುತ್ತೇನೆಯೇ? ನಿಮ್ಮನ್ನು ನಂಬಿಸಲಿಕ್ಕೂ ಕೂತಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಈಗ ನಾನು ಹಾನಗಲ್ಲಿನಲ್ಲಿ ಹಳೇ ಸಾಮಾನು ಕೊಂಡು ಮಾರುತ್ತೇನೆ. ಕೆಲವು ವರ್ಷಗಳ ಹಿಂದೆ ಹಿರೇಕೆರೂರು ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಅಲ್ಲಿ ತೊಂಬತ್ತು ದಾಟಿದ ಗಂಗವ್ವನವರ ಬಳಿ ಅವರ ಅಣ್ಣನ ಬಿಳಿ ರೇಷ್ಮೆ ಮಫ್ಲರ್ ಇತ್ತು. ಆ ಅಣ್ಣ ಎತ್ತಿನ ವ್ಯಾಪಾರಿಯ ಮಗ. ಮುಂಬೈಯಲ್ಲಿ ವಿಮಾನ ಹಾರಿಸಲು ಕಲಿತು, ಎರಡನೇ ಮಹಾಯುದ್ಧದಲ್ಲಿ ಯಾರ ಬಲವಂತವೂ ಇಲ್ಲದೆ ಇಂಗ್ಲೆಂಡಿಗೆ ಹೋಗಿ, ಅವರ ವಾಯುಪಡೆ ಸೇರಿ ಯುದ್ಧವಿಮಾನ ಹಾರಿಸಿದವನು. ಒಂದು ದಿನ ಸಮುದ್ರದ ಮೇಲೆ ಹೋದವನು ತಿರುಗಿ ಬರಲಿಲ್ಲ. ಅವನ ಪೆಟ್ಟಿಗೆಯಷ್ಟೇ ಊರಿಗೆ ಬಂತು. ಅದರಲ್ಲಿ ಉಳಿದದ್ದು ಈ ಮಫ್ಲರ್ ಒಂದೇ. ಹುಬ್ಬಳ್ಳಿಯ ಒಬ್ಬ ಗಿರಾಕಿಗೆ ಅದನ್ನು ತಂದೇ ತರುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಗಂಗವ್ವನವರ ಮೊಮ್ಮಗನೂ ಒಪ್ಪಿದ್ದ. ಅಜ್ಜಿ ಒಪ್ಪಬೇಕಿತ್ತು.

ಅಜ್ಜಿ ಮಫ್ಲರನ್ನು ಪಕ್ಕದಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು.

"ಯುದ್ಧಕ್ಕ ರೇಷ್ಮಿ ಯಾಕ್ರಿ ಅಮ್ಮಾರ?" ಎಂದೆ.

"ವೈರಿ ವಿಮಾನ ನೋಡಾಕ ಸುತ್ತೂ ಗೋಣು ತಿರುವತಿರಬೇಕಂತ. ಅಂಗಿ ಕಾಲರ್ ತಿಕ್ಕಿ, ನೊಗದ ಎತ್ತಿನಂಗ ಗೋಣು ಹುಣ್ಣಾದ್ರ?"

"ಕೊಡ್ರಲಾ, ಚಲೋ ಕಡೆ ಇರ್ತೈತಿ."

"ನಂದಲ್ಲೋ ತಮ್ಮಾ, ಅವಂದು. ದಲಾಲಿ ಅದೀಯಲ್ಲ? ಕೈ ಹಾಕು, ಅವನ್ನ ಕೇಳು. ಹೂಂ ಅಂದ್ರ ಒಯ್ಯಿ."

ನಮ್ಮ ಸಂತೆಯ ಪದ್ಧತಿ ಗೊತ್ತಲ್ಲ, ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ರೇಟು ಕೇಳುವುದು. ಮುದುಕಿಯ ಮನಸ್ಸಿಗೆ ಯಾಕೆ ನೋವು ಎಂದು, ನಗುತ್ತಲೇ ಮಫ್ಲರನ್ನು ಕೈಮೇಲೆ ಹಾಸಿಕೊಂಡೆ.

ಯಾರೋ ಕೈ ಹಿಡಿದರು. ಬೆಚ್ಚಗಿನ ಕೈ, ಪಳಗಿದ ದಲಾಲಿಯ ಹಿಡಿತ. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿತು. ಕೊಡುವುದಿಲ್ಲ ಎಂದು ಅದರರ್ಥ. ಆಮೇಲೆ ಮುಷ್ಟಿಯನ್ನು ಎರಡು ಸಲ ಮೆಲ್ಲಗೆ ತಟ್ಟಿ ಬಿಟ್ಟಿತು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕೇಳಿದರು: "ಎರಡು ಸರ್ತಿ ತಟ್ಟಿದ್ನಿಲ್ಲ? ಅಪ್ಪನ ಜೋಡಿ ಸಂತ್ಯಾಗ ಕುಂತಾಗ, ಗಿರಾಕಿ ಬ್ಯಾಸರಾಗಬಾರದಂತ ಹಂಗ ಮಾಡ್ತಿದ್ದ. ಕುಂದ್ರು, ಚಾ ಕುಡದು ಹೋಗು." ಅಷ್ಟು ಹೇಳಿ ಸಣ್ಣ ಹುಡುಗಿಯ ಹಾಗೆ ನಕ್ಕರು.

ಹುಬ್ಬಳ್ಳಿಯವರಿಗೆ "ಮಾಲಕರು ಒಪ್ಪಲಿಲ್ಲ" ಎಂದೆ. ಸುಳ್ಳೇನಲ್ಲವಲ್ಲ!

ಅದೇನೆಂದು ನನಗೆ ಇಂದಿಗೂ ಬಗೆಹರಿದಿಲ್ಲ. ನಿಮಗೊಂದು ಬುದ್ಧಿಮಾತು ಹೇಳುತ್ತೇನೆ: ವ್ಯಾಪಾರಕ್ಕೆ ಕೂತಾಗ ಎದುರಿನವರ ಎರಡೂ ಕೈ ಎಲ್ಲಿವೆ ಎಂದು ನೋಡುತ್ತಿರಿ. ನಾನೂ ನೋಡುತ್ತಲೇ ಇದ್ದೆ. ಅಜ್ಜಿಯ ಎರಡೂ ಕೈ ಶೇಂಗಾ ಬುಟ್ಟಿಯಲ್ಲಿದ್ದವು.