ಎಷ್ಟನೇ ಸೂಲು

ಅಟ್ಟದ ಮೇಲಿನ ಪಾತ್ರೆ ಇಳಿಸುವಾಗ ಅರ್ಧ ಲೀಟರಿನ ಅಲ್ಯೂಮಿನಿಯಂ ಅಳತೆಯೊಂದು ಸಿಕ್ಕಿತು. ಹಿಡಿ ಸ್ವಲ್ಪ ಸೊಟ್ಟ. ಮೂಸಿ ನೋಡಿದೆ. ಹಾಲಿನ ವಾಸನೆ ಎಂದೋ ಹೋಗಿತ್ತು, ಬರೀ ದೂಳು... ಅದು ನಮ್ಮ ಹಾಲಿನಕ್ಕನದು.

ಬೇತಮಂಗಲದ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಎರಡು ಕ್ಯಾನು ಹಾಲು ತಂದು ಆಂಡರ್ಸನ್‌ಪೇಟೆಯ ನಮ್ಮ ಬೀದಿಗೆಲ್ಲ ಹಾಕುತ್ತಿದ್ದರು. ಪಕ್ಕದ ಮನೆಯವರ ಜೊತೆ ತಮಿಳು, ಎದುರು ಮನೆಯವರ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಹಾಲಿಗೆ ನೀರು ಬೆರೆಸಿದ್ದೀರಾ ಎಂದು ಯಾರಾದರೂ ಕೇಳಿದರೆ ಮೂರೂ ಭಾಷೆಯಲ್ಲಿ ಬೈಗುಳ. ನಮ್ಮ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದೇ ಮುಂದಕ್ಕೆ ಹೋಗುತ್ತಿದ್ದರು.

ಮುಟ್ಟು ನಿಲ್ಲದೆ ಸುರಿಯತೊಡಗಿ, ಗರ್ಭಚೀಲದಲ್ಲಿ ಗಡ್ಡೆ ಇದೆ, ಚೀಲವನ್ನೇ ತೆಗೆಸಬೇಕು ಎಂದಾದಾಗ ಅವರು ಬಂದದ್ದು ನನ್ನ ಹತ್ತಿರ. ನಾನು ಹೈಸ್ಕೂಲಿನ ವಿಜ್ಞಾನದ ಮೇಡಂ, ನನಗೆ ತಿಳಿಯದ್ದು ಏನಿದೆ? "ಹೊಟ್ಟೆ ಕೊಯ್ಯೋದೇ ಬೇಡ, ಸಣ್ಣ ಸಣ್ಣ ತೂತಿನಲ್ಲೇ ತೆಗೀತಾರೆ. ಬೇಗ ಎದ್ದು ಓಡಾಡಬಹುದು" ಎಂದೆ. ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿಗೆ ನಾನೇ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. ಎಲ್ಲ ವಿವರಿಸಿ, ಏನಾದರೂ ಕೇಳುವುದಿದೆಯೇ ಎಂದರು. ಹಾಲಿನಕ್ಕ ಸೆರಗು ಸರಿಮಾಡಿಕೊಂಡರು.

"ಇಂಗೆ ತೂತಾಕಿ ಮಾಡೋದು ಇದು ಎಷ್ಟನೇ ಸೂಲು ಸಾಮಿ ನಿಮ್ಗೆ?"

ಸೂಲು ಅಂದರೆ ಹಸು ಎಷ್ಟು ಸಲ ಕರು ಹಾಕಿದೆ ಎನ್ನುವ ಲೆಕ್ಕ. ನನಗೆ ನಾಚಿಕೆಯಾಯಿತು. ಡಾಕ್ಟರು ನಗುತ್ತಾ ಏನೋ ಹೇಳಲು ಬಾಯಿ ತೆರೆದರು. ನಾನು ಅಡ್ಡ ಬಾಯಿ ಹಾಕಿದೆ, "ಹಳ್ಳಿಯವರು ಸರ್, ತಪ್ಪು ತಿಳೀಬೇಡಿ." ಹೊರಗೆ ಬಂದ ಮೇಲೆ ಹಾಲಿನಕ್ಕನನ್ನು ಗದರಿದೆ.

"ಅಸು ತರೋವಾಗ ಕೇಳಲ್ವಾ ಮೇಡಮ್ಮ? ಅಂಗೇ ಕೇಳ್ದೆ" ಎಂದರು.

ಆಪರೇಷನ್ನಿನ ಹಿಂದಿನ ದಿನ ಅಳತೆಯನ್ನು ನನ್ನ ಕೈಗೆ ಕೊಟ್ಟರು. "ಬೇರೆಯೋರ ಆಲನ್ನ ಇದ್ರಾಗೇ ಅಳೆಸ್ಕೊಳ್ಳಿ. ವಾಸಿಯಾದ್ಮೇಲೆ ಬತ್ತೀನಿ."

ಆಪರೇಷನ್ ಆದ ಹತ್ತನೇ ದಿನಕ್ಕೆ ಅವರ ಸೀರೆ ಒದ್ದೆಯಾಗತೊಡಗಿತು. ತಡೆಯಿಲ್ಲದೆ ಮೂತ್ರ ಸೋರುತ್ತಿತ್ತು. ಗಾಯ ಮಾಗುವಾಗ ನೀರು ಹೋಗುತ್ತೆ ಎಂದು ನರ್ಸಿಂಗ್ ಹೋಮಿನಲ್ಲಿ ಮಾತ್ರೆ ಕೊಟ್ಟು ಕಳಿಸಿದರು. ಮತ್ತೆ ಹೋದರೆ ಮತ್ತೆ ಮಾತ್ರೆ. ತಿಂಗಳುಗಳು ಕಳೆದ ಮೇಲೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಗೊತ್ತಾಯಿತು: ಮೂತ್ರಪಿಂಡದಿಂದ ಇಳಿಯುವ ನಾಳಕ್ಕೆ ಆಪರೇಷನ್ನಿನಲ್ಲೇ ಪೆಟ್ಟು ಬಿದ್ದಿತ್ತು. ಅಷ್ಟರಲ್ಲಿ ಆ ಕಡೆಯ ಮೂತ್ರಪಿಂಡವೇ ಕೆಟ್ಟಿತ್ತು.

"ಪಳಗಿದ ಕೈಗೂ ಒಮ್ಮೊಮ್ಮೆ ಹೀಗಾಗುತ್ತೆ" ಎಂದರು ಅಲ್ಲಿನ ಹಿರಿಯ ಡಾಕ್ಟರಮ್ಮ. "ಆದ್ರೆ ಕಡಿಮೆ. ಹಾಗೆ ಆದ್ರೂ ಅಂಥವರಿಗೆ ಬೇಗ ಗೊತ್ತಾಗುತ್ತೆ. ಆ ಡಾಕ್ಟರು ಎಷ್ಟು ಜನಕ್ಕೆ ಮಾಡಿದ್ದಾರೆ ಅಂತ ಕೇಳಿದ್ರಾ?"

ಹಾಲಿನಕ್ಕ ನನ್ನ ಮುಖ ನೋಡಲಿಲ್ಲ. ನೋಡಿ ಬೈದಿದ್ದರೆ ಚೆನ್ನಾಗಿತ್ತು.

ಕೆಟ್ಟ ಮೂತ್ರಪಿಂಡ ತೆಗೆದ ಮೇಲೆ ಸೋರುವುದು ನಿಂತಿತು. ಆದರೆ ಅಷ್ಟು ಹೊತ್ತಿಗೆ ಬೀದಿಯವರೆಲ್ಲ ಪ್ಯಾಕೆಟ್ ಹಾಲಿಗೆ ಹೊರಳಿದ್ದರು. ಹಾಲಿನಕ್ಕನ ಮೈ ವಾಸನೆ ಎಂದು ಮೂರೂ ಭಾಷೆಯಲ್ಲಿ ಆಡಿಕೊಂಡದ್ದೂ ಆಗಿತ್ತು. ಇಲ್ಲ, ಬೀದಿಯವರ ಮೇಲೆ ಯಾಕೆ ಹಾಕಲಿ, ನಾನೂ ಪ್ಯಾಕೆಟ್ಟೇ ತರಿಸುತ್ತಿದ್ದೆ. ಹಸುಗಳನ್ನು ಮಾರಿ, ಗಡಿಯಾಚೆ ತಂಗಿಯ ಊರು ಸೇರಿದರೆಂದು ಕೇಳಿದೆ. ಹೋಗಿ ನೋಡಲಿಲ್ಲ. ಹೋದ ವರ್ಷ ತೀರಿಕೊಂಡರಂತೆ... ಬಸ್ಸಿನಲ್ಲಿ ಸಿಕ್ಕ ಅವರ ಊರಿನವರೊಬ್ಬರು ಹೇಳಿದರು.

ಈಗ ನನ್ನ ಗರ್ಭಚೀಲವನ್ನೂ ತೆಗೆಸಬೇಕಾಗಿದೆ. ಇದೂ ತೂತಿನ ಆಪರೇಷನ್ನೇ. ಮೊನ್ನೆ ಡಾಕ್ಟರನ್ನು ಕೇಳಿದೆ, ಎಷ್ಟು ಜನಕ್ಕೆ ಮಾಡಿದ್ದೀರಿ, ಎಷ್ಟು ಜನಕ್ಕೆ ತೊಂದರೆಯಾಗಿದೆ? ಅವರಿಗೆ ಕೋಪ ಬರಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು. ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷವನ್ನು ನಾನು ಹಾಲಿನಕ್ಕನಿಗೆ ಸಿಗಗೊಡಲಿಲ್ಲ.

ಅಳತೆಯನ್ನು ತೊಳೆದು ಒಲೆಯ ಪಕ್ಕ ಇಟ್ಟಿದ್ದೇನೆ. ವಾಪಸ್ ಕೇಳುವವರು ಇನ್ನು ಬರುವುದಿಲ್ಲ.