ಮೈಲೇಜ್ ಕಾಯಿಸಿದ ಎಣ್ಣೆ

ನಮ್ಮ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವುದು ಅವನ ತಾಯಿ ಒಬ್ಬರೇ. ಉಳಿದವರಿಗೆಲ್ಲ ಅವನು ಮೈಲೇಜ್. ಯಾರ ಗಾಡಿ ಬಂದು ನಿಂತರೂ "ಎಷ್ಟು ಕೊಡುತ್ತೆ?" ಎಂದು ಕೇಳದೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. ಒಮ್ಮೆ ಹೆಣ ಸಾಗಿಸುವ ಗಾಡಿಯ ಡ್ರೈವರನ್ನೂ ಕೇಳಿದ್ದ. ಸತ್ತವನ ಮಗ ಪಕ್ಕದ ಸೀಟಿನಲ್ಲೇ ಕೂತಿದ್ದ. ನನಗೆ ಈ ಮನುಷ್ಯನನ್ನು ಕಂಡರೆ ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಅವನಿಗೆ ವೇಬ್ರಿಡ್ಜಿನಲ್ಲಿ ಕೆಲಸ. ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತದೆ, ಇವನು ಗಾಜಿನ ಕೋಣೆಯೊಳಗಿಂದ ತೂಕ ನೋಡಿ ಚೀಟಿ ಹರಿದು ಕೊಡುತ್ತಾನೆ. ಅದಕ್ಕೆ ತಲೆ ಬೇಕಿಲ್ಲ. ಹಾಗಾಗಿ ತಲೆಯನ್ನು ಬೇರೆ ಕಡೆ ಹರಿಯಬಿಡಲು ಬೇಕಾದಷ್ಟು ಪುರುಸೊತ್ತು. ಡೀಸೆಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಎಣ್ಣೆ ಉಳಿಯುತ್ತದೆ, ಟ್ಯಾಂಕಿಗೆ ನುಸಿಗುಳಿಗೆ ಹಾಕಿದರೆ ಇಂಜಿನ್ ಹಾರುತ್ತದೆ ಎಂದು ಲಾರಿ ಡ್ರೈವರುಗಳು ಹೊತ್ತು ಕಳೆಯಲು ಬಿಟ್ಟ ಬುರುಡೆಯನ್ನೆಲ್ಲ ಇವನು ಕಣ್ಣಿಗೊತ್ತಿಕೊಂಡು ಮನೆಗೆ ತರುತ್ತಿದ್ದ. ದರ್ಜಿಯ ಸ್ಕೂಟರಿಗೆ ನುಸಿಗುಳಿಗೆ ಹಾಕಿದ. ಅದು ಹಾರಲಿಲ್ಲ, ಹೊಗೆಯುಗುಳಿ ಮಲಗಿತು. ತರಕಾರಿಯವನ ಆಟೋಗೆ ಅಯಸ್ಕಾಂತ ಕಟ್ಟಿದ. ಅದರಿಂದ ಕೆಡುಕೂ ಆಗಲಿಲ್ಲ, ಒಳ್ಳೆಯದೂ ಆಗಲಿಲ್ಲ. ಅದನ್ನೇ ಗೆಲುವು ಎಂದು ಸಾರಿದ. ನನ್ನದು ಅವನ ಮನೆಯ ಎದುರಿಗೇ ಬಿಡಿಭಾಗಗಳ ಅಂಗಡಿ. ಅವನು ಕೆಡಿಸಿದ್ದಕ್ಕೆಲ್ಲ ನನ್ನಲ್ಲಿ ಸಾಮಾನು ಸಿಗುತ್ತದೆ.

ಆಮೇಲೆ ಅವನಿಗೆ ಎಣ್ಣೆಯ ಹುಚ್ಚು ಹಿಡಿಯಿತು. ಕ್ಯಾಂಟೀನಿನಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಡಬ್ಬಗಳಲ್ಲಿ ತಂದು, ಹಿತ್ತಲಿನ ತಗಡಿನ ಕೊಟ್ಟಿಗೆಯಲ್ಲಿ ಕಾಯಿಸಿ, ಕಾಸ್ಟಿಕ್ ಸೋಡಾ, ಸ್ಪಿರಿಟ್ಟು, ಇನ್ನೂ ಏನೇನೋ ಸುರಿದು ಕದಡುತ್ತಿದ್ದ. ಹಾಗೆ ಮಾಡಿದ ಎಣ್ಣೆಯನ್ನು ನೀರಿನಲ್ಲಿ ತೊಳೆದು, ನೀರಿನ ಪಸೆ ಪೂರಾ ಆರುವವರೆಗೆ ಬಿಡಬೇಕು. ಇವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಇದನ್ನು ಸ್ವಲ್ಪ ಬೆರೆಸಿದರೆ ಡೀಸೆಲ್ ಅರ್ಧಕ್ಕರ್ಧ ಉಳಿಯುತ್ತದೆ ಎಂದು ಸಿಕ್ಕಸಿಕ್ಕವರ ಕಿವಿ ಕಚ್ಚಿದ. ದರ್ಜಿಯ ಗತಿ ನೋಡಿದ್ದ ಜನ ಇವನನ್ನು ಕಂಡರೆ ಟ್ಯಾಂಕಿಗೆ ಬೀಗ ಹಾಕತೊಡಗಿದರು. ಬೀಗವಿಲ್ಲದ ಡೀಸೆಲ್ ಗಾಡಿ ಅವನದೇ ಮನೆಯ ಮುಂದೆ ಒಂದೇ ಇತ್ತು. ಅದು ಅತ್ತಿಗೆಯ ವ್ಯಾನು.

ಅತ್ತಿಗೆ ಎಂದರೆ ಅವನ ತೀರಿಹೋದ ಅಣ್ಣನ ಹೆಂಡತಿ. ಅಣ್ಣ ಬೇಕರಿಯ ಬ್ರೆಡ್ಡನ್ನು ಅಂಗಡಿ ಅಂಗಡಿಗೆ ಮುಟ್ಟಿಸುತ್ತಿದ್ದ. ಅವನು ಹೋದ ಮೇಲೆ ಈಕೆ ಯಾರ ಮುಂದೆಯೂ ಕೈಚಾಚಲಿಲ್ಲ. ಡ್ರೈವಿಂಗ್ ಕಲಿತು ಅದೇ ವ್ಯಾನು, ಅದೇ ಬ್ರೆಡ್ಡು, ಅದೇ ಅಂಗಡಿಗಳು ಎಂದು ಹೊರಟಳು. ಇಬ್ಬರು ಹೆಣ್ಣುಮಕ್ಕಳ ಸ್ಕೂಲು, ಅತ್ತೆಯ ಮಾತ್ರೆ, ಮೈಲೇಜನ ಕಾಫಿ, ಎಲ್ಲ ಆ ವ್ಯಾನಿನಿಂದಲೇ; ಮೈಲೇಜನ ಸಂಬಳ ಅವನ ಪ್ರಯೋಗಗಳಿಗೇ ಸರಿಹೋಗುತ್ತಿತ್ತು. ಬೆಳಗ್ಗೆ ಅಂಗಡಿಗಳು ಬಾಗಿಲು ತೆರೆಯುವಷ್ಟರಲ್ಲಿ ಬ್ರೆಡ್ಡು ಮುಟ್ಟಬೇಕು. ಒಂದು ದಿನ ತಪ್ಪಿದರೆ ಬೇಕರಿಯವನು ಗೊಣಗುತ್ತಾನೆ, ಪದೇ ಪದೇ ತಪ್ಪಿದರೆ ಕೆಲಸ ಬೇರೆಯವರ ಪಾಲು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಮೈಲೇಜನಿಗೂ ಗೊತ್ತಿತ್ತು.

ಅವನ ಪ್ರಯೋಗಕ್ಕೆ ಒಂದು ನಿಯಮವಿತ್ತು. ಅದನ್ನು ನನಗೇ ಹೆಮ್ಮೆಯಿಂದ ವಿವರಿಸಿದ್ದ. "ಓಡಿಸೋರಿಗೆ ಹೇಳಬಾರದು ಕಣಣ್ಣ. ಹೇಳಿದ್ರೆ ಹುಷಾರಾಗಿ ಓಡಿಸ್ತಾರೆ, ಆಗ ಉಳಿದಿದ್ದು ಎಣ್ಣೆಯಿಂದ್ಲೋ ಅವರ ಕಾಲಿಂದ್ಲೋ ಹೇಗೆ ಗೊತ್ತಾಗುತ್ತೆ?"

ಯಾರ ಗಾಡಿಗೆ ಎಂದು ಆಗ ನನಗೆ ಹೊಳೆಯಲಿಲ್ಲ.

ವ್ಯಾನು ಮೊದಲು ನಿಂತದ್ದು ರೈಲ್ವೆ ಸೇತುವೆಯ ಏರಿನಲ್ಲಿ. ಬ್ರೆಡ್ಡಿನ ಟ್ರೇಗಳನ್ನು ತಲೆಯ ಮೇಲೆ ಹೊತ್ತು ಅತ್ತಿಗೆ ಹತ್ತಿರದ ಅಂಗಡಿಗಳಿಗೆ ನಡೆದೇ ಕೊಟ್ಟು ಬಂದಳು. ಮೈಲೇಜ್ ಸೈಕಲ್ಲಿನಲ್ಲಿ ಬಂದ, ಬಾನೆಟ್ಟಿನ ಮೇಲೆ ಡಾಕ್ಟರ ಹಾಗೆ ಕೈಯಿಟ್ಟ.

"ಅತ್ತಿಗೆ, ಕ್ಲಚ್ ಮೇಲೇ ಕಾಲಿಟ್ಕೊಂಡು ಓಡಿಸ್ತೀರಾ?"

"ಇಲ್ವಲ್ಲ."

"ನಿಮಗೆ ಗೊತ್ತಾಗಲ್ಲ. ಅಣ್ಣ ಇದ್ದಾಗ ಯಾವತ್ತಾದ್ರೂ ಹಿಂಗೆ ನಿಂತಿತ್ತಾ?"

ಸತ್ತವನನ್ನು ಎದುರಿಗೆ ತಂದು ನಿಲ್ಲಿಸಿದ. ಮರುದಿನದಿಂದ ಆಕೆ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಓಡಿಸತೊಡಗಿದಳು. ಪೆಡಲಿನ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಪಾದಕ್ಕೇ ತಿಳಿಯಲಿ ಎಂದು. ಆದರೂ ವ್ಯಾನು ಮತ್ತೆ ನಿಂತಿತು, ಮತ್ತೂ ನಿಂತಿತು. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಂತು ಕೇಳಿದಳು. "ಅಣ್ಣ, ಕೆಲವರ ಕಾಲಿಗೆ ಗಾಡಿ ಒಗ್ಗೋದೇ ಇಲ್ವಂತೆ, ಹೌದಾ?"

ಎದ್ದು ಹೋಗಿ ವ್ಯಾನಿನ ಡೀಸೆಲ್ ಫಿಲ್ಟರ್ ಬಿಚ್ಚಿದೆ. ಒಳಗೆಲ್ಲ ಕಂದು ಲೋಳೆ, ಗಟ್ಟಿ ತುಪ್ಪದ ಹಾಗೆ ಮೆತ್ತಿಕೊಂಡಿತ್ತು, ಜೊತೆಗೆ ಟ್ಯಾಂಕಿನ ತಳದಿಂದ ಎದ್ದುಬಂದ ಹಳೆಯ ಕಿಟ್ಟ. ಮೂಗಿಗೆ ಹಿಡಿದರೆ ಕರಿದ ಎಣ್ಣೆಯ ಕಮಟು. ಇಂಜಿನ್ನಿಗೆ ಉಸಿರು ಕಟ್ಟಿಸಲು ಇಷ್ಟು ಸಾಕು. ನಾನು ಅದನ್ನು ಆಕೆಯ ಮೂಗಿನ ಬಳಿ ಹಿಡಿದೆ. ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಆ ವಾಸನೆ ತಿಂಗಳಾನುಗಟ್ಟಲೆ ಆಕೆಯ ಹಿತ್ತಲಿನಿಂದಲೇ ಬರುತ್ತಿತ್ತು.

ಆ ಹೊತ್ತಿಗೆ ಬೇಕರಿಯವನು ಖಡಾಖಂಡಿತವಾಗಿ ಹೇಳಿಯಾಗಿತ್ತು: ಮನೆಯ ಗಂಡಸು ಓಡಿಸುವುದಾದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಸಂಜೆ ಅವರ ಮನೆಯಲ್ಲಿ ಅದೇ ಮಾತು. ಅತ್ತಿಗೆ ಕರೆದಳು, ನಾನೂ ಹೋಗಿ ಬಾಗಿಲ ಬಳಿ ಕೂತೆ. ಮೈಲೇಜ್ ಗೋಡೆಗೊರಗಿ ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತಿದ್ದ. ಅತ್ತಿಗೆ ಫಿಲ್ಟರನ್ನು ಒಂದು ತಟ್ಟೆಯಲ್ಲಿಟ್ಟು ಅತ್ತೆಯ ಮುಂದೆ ಸರಿಸಿದಳು.

"ಅತ್ತೆ, ಇದನ್ನ ಮೂಸಿ ನೋಡಿ. ತಪ್ಪು ನನ್ನ ಕಾಲಿನದಲ್ಲ. ಇವರು ನನಗೆ ಹೇಳದೇ ಟ್ಯಾಂಕಿಗೆ ಎಣ್ಣೆ ಸುರಿದಿದ್ದಾರೆ."

ಮುದುಕಿ ಮೂಸಲಿಲ್ಲ. ತಟ್ಟೆಯನ್ನು ಹಿಂದಕ್ಕೆ ತಳ್ಳಿದರು.

"ಗೊತ್ತು. ನಾನೇ ಸೋಸಿ ಕೊಟ್ಟಿದ್ದು. ನಿನ್ನ ಗಂಡನ ಹಳೇ ಪಂಚೆಯಲ್ಲಿ."

ದೊಡ್ಡ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿಯನ್ನೇ ನೋಡುತ್ತಿತ್ತು.

"ಅದಕ್ಕೇನೀಗ?" ಅಂದರು ಮುದುಕಿ. "ನೀನು ದುಡಿದು ಹಾಕೋದು, ನನ್ನ ಮಗ ತಿನ್ನೋದು. ಬೀದಿಯವರು ಅವನನ್ನ ಆಡ್ಕೊಂಡು ನಗೋದನ್ನ ಎಷ್ಟು ದಿನ ಕೇಳಲಿ? ವ್ಯಾನು ಇರೋದು ನನ್ನ ಹೆಸರಲ್ಲಿ. ನಾಳೆಯಿಂದ ಅವನು ಓಡಿಸ್ತಾನೆ. ನೀನು ಹಿಂದೆ ಕೂತು ಟ್ರೇ ಇಳಿಸು. ಹೊಟ್ಟೆಗೇನೂ ಕಡಿಮೆ ಮಾಡಲ್ಲ."

ನಾನು ಬಾಯಿ ತೆರೆದೆ. "ಇದು ನಮ್ಮ ಮನೆ ವಿಷಯ" ಎಂದರು. ಹೊರಗಿನವನು, ಎದ್ದು ಬಂದೆ. ಆ ಮುದುಕಿಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಈಗ ಮೈಲೇಜ್ ವೇಬ್ರಿಡ್ಜ್ ಬಿಟ್ಟಿದ್ದಾನೆ. ಮೊದಲ ದಿನವೇ ಟ್ಯಾಂಕ್ ತೊಳೆಸಿದ, ಹೊಸ ಫಿಲ್ಟರ್ ಹಾಕಿಸಿದ. ವ್ಯಾನು ಎಲ್ಲಿಯೂ ನಿಲ್ಲುವುದಿಲ್ಲ. ಬೀದಿಯವರು ಅವನಿಗೆ ಕೈಯೆತ್ತಿ ನಮಸ್ಕಾರ ಹೇಳುತ್ತಾರೆ, ಹೆಂಗಸಿಗೆ ಆಗದ ಕೆಲಸ ಎಂದು ತಲೆದೂಗುತ್ತಾರೆ. ಮೊನ್ನೆ ಬೆಳಗ್ಗೆ ಇಂಜಿನ್ ಆಫ್ ಮಾಡಿ ನನ್ನ ಅಂಗಡಿಗೆ ಬಂದು ವೈಪರಿನ ರಬ್ಬರು ಕೇಳಿದ. ನನಗೆ ತಡೆಯಲಾಗಲಿಲ್ಲ.

"ಏನಯ್ಯಾ, ನಿನ್ನ ಎಣ್ಣೆ ಈಗ ಎಷ್ಟು ಉಳಿಸ್ತಿದೆ?"

ಅವನು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

"ಏನಣ್ಣ ನೀವು," ಅಂದ. "ಸ್ವಂತ ಗಾಡಿಗೆ ಯಾರಾದ್ರೂ ಅದನ್ನ ಹಾಕ್ತಾರಾ?"

ವ್ಯಾನಿನ ಹಿಂಬಾಗಿಲು ತೆರೆದೇ ಇತ್ತು. ಟ್ರೇಗಳ ನಡುವೆ ಮೊಣಕಾಲು ಮಡಚಿ ಕೂತಿದ್ದ ಅತ್ತಿಗೆಗೆ ಅದು ಕೇಳಿಸಿತು.