ಅಳುವುದಕ್ಕೆ ಹೊತ್ತು ಗೊತ್ತು ಮಾಡಿದ ನೀಲವ್ವ

ನೀಲವ್ವನವರ ಮನೆಯ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕಕ್ಕೆ, ಏಳು ಚೆಂಡುಗಳಿದ್ದವು. ಒಂದೂ ಅವರದಲ್ಲ. ಚಾಳಿನ ಹುಡುಗರು ಆಡುವಾಗ ಅವರ ಅಂಗಳಕ್ಕೆ ಬಿದ್ದವು. ಕೇಳಲು ಬಂದವನಿಗೆ, "ನಿಮ್ಮಪ್ಪನ್ನ ಕಳಸು, ಅವನ ಕೈಯಾಗ ಕೊಡ್ತೇನಿ" ಎನ್ನುತ್ತಿದ್ದರು. ಅಪ್ಪಂದಿರು ಯಾರೂ ಬರುತ್ತಿರಲಿಲ್ಲ. ಅವರಿಗೂ ನೀಲವ್ವನವರೆಂದರೆ ಹೆದರಿಕೆಯೇ.

ಇದಕ್ಕೆಲ್ಲ ಕಾರಣ ಅವರ ಯಜಮಾನರಾದ ಬಸಪ್ಪನವರ ನಿದ್ದೆ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಅವರಿಗೆ ಬಾಯ್ಲರಿನ ಮುಂದೆ ಕೆಲಸ. ರಾತ್ರಿ ಪಾಳಿಯಿದ್ದ ವಾರ ಹಗಲೆಲ್ಲ ಮಲಗುವವರು. ಅವರು ಮಲಗಿದರೆಂದರೆ ಇಡೀ ಸಾಲು ಪಿಸುಮಾತಿಗೆ ಇಳಿಯಬೇಕು. ಖಾರ ಕುಟ್ಟುವಂತಿಲ್ಲ, ಕೊಡ ಕುಕ್ಕುವಂತಿಲ್ಲ. ಮಕ್ಕಳಂತೂ ನೀಲವ್ವನವರ ಲೆಕ್ಕದಲ್ಲಿ ಕೈಕಾಲು ಬಂದ ಗದ್ದಲ. "ನನ್ನವು ಎರಡೂ ದೊಡ್ಡವಾಗಿ ಹುಬ್ಬಳ್ಳಿ ಸೇರಿದ್ವು. ಪಾರಾದೆ" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳವು. ನನ್ನ ಗಂಡ ಗಿರಣಿಯ ಆಫೀಸಿನಲ್ಲಿ ಗುಮಾಸ್ತರು. ನಾನು ಹಳಿಯಾಳದಿಂದ ಮದುವೆಯಾಗಿ ಬಂದವಳು. ನಮ್ಮ ಮನೆಗೂ ನೀಲವ್ವನವರ ಮನೆಗೂ ನಡುವೆ ಒಂದೇ ಗೋಡೆ. ನಾನು ಬಸುರಿ ಎಂದು ತಿಳಿದಾಗ ಉಳಿದ ಹೆಂಗಸರು ಬಯಕೆ ಏನೆಂದು ಕೇಳಿದರೆ, ಇವರು ಬಾಗಿಲಲ್ಲೇ ನಿಂತು, "ತವರಮನ್ಯಾಗ ಹಡೀತಿ ಹೌದಿಲ್ಲೋ? ವರ್ಷ ತುಂಬೂತನಕ ಅಲ್ಲೇ ಇದ್ದು ಬಾ ತಂಗಿ, ಇಲ್ಲೇನೂ ಅವಸರ ಇಲ್ಲ" ಎಂದರು.

ಅವಸರ ಮಾಡಿದ್ದು ಮಕ್ಕಳು. ಏಳು ತಿಂಗಳು ಆಗಿದ್ದಷ್ಟೇ. ತವರಿಗೆ ಹೊರಡಲು ಟ್ರಂಕು ತುಂಬಿಟ್ಟ ವಾರವೇ, ಊರಿನ ಆಸ್ಪತ್ರೆಯಲ್ಲಿ ಎರಡು ಹುಟ್ಟಿದವು. ಒಂದು ಗಂಡು, ಒಂದು ಹೆಣ್ಣು. ಇಬ್ಬರನ್ನೂ ಕೂಡಿಸಿ ತೂಗಿದರೂ ದಿನ ತುಂಬಿ ಹುಟ್ಟಿದ ಒಂದು ಕೂಸಿನ ತೂಕವಿರಲಿಲ್ಲ. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ಬೆಚ್ಚಗ ಇಡ್ರಿ, ಹನಿ ಹನಿ ಹಾಲು ಹಾಕ್ರಿ. ಒಂದೊಂದ ದಿನಾ ನೋಡೂಣು" ಎಂದು ಹದಿನೈದು ದಿನದ ಮೇಲೆ ಮನೆಗೆ ಕಳಿಸಿದರು.

ಹಳಿಯಾಳದಿಂದ ನನ್ನವ್ವ ಬಂದಳು. ಬುಟ್ಟಿಯಲ್ಲಿ ಹತ್ತಿ ಹಾಸಿ ಮಕ್ಕಳನ್ನು ಮಲಗಿಸಿದಳು. ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ಅಕ್ಕಪಕ್ಕ ಇಟ್ಟಳು. ಆಮೇಲೆ ಬುಟ್ಟಿಯ ಮುಂದೆ ಕೂತು ಅಳತೊಡಗಿದಳು. ಉಳವಿಯ ದೇವರಿಗೆ ಹರಕೆ ಹೊರುವಳು, ಅಳುವಳು. ಅವಳನ್ನು ನೋಡಿ ನಾನೂ ಅಳುವೆ. ಮೂರನೆಯ ದಿನ ನೀಲವ್ವನವರು ಒಳಗೆ ಬಂದರು. ಬೈಯಲು ಬಂದರೆಂದೇ ನಾವು ತಿಳಿದೆವು.

ಬುಟ್ಟಿಯೊಳಗೆ ಬಹಳ ಹೊತ್ತು ನೋಡಿದರು. "ಇವು ಅಳೂದಿಲ್ಲೇನ?"

"ಅಳಾಕ ಶಕ್ತಿ ಇಲ್ರಿ ಅಕ್ಕಾರ" ಎಂದೆ.

"ಇಂಥಾ ಕೂಸು ನನಗ ಸೇರ್ತಾವು ನೋಡು" ಎಂದು ಅಲ್ಲೇ ಕೂತುಬಿಟ್ಟರು. ನನ್ನವ್ವನ ಕಡೆ ತಿರುಗಿ, "ಯವ್ವಾ, ನಿಮಗ ನೆಗಡಿ ಆಗೇತೋ, ಇಲ್ಲಾ ಬರೇ ಅಳಾಕ ಹತ್ತೀರೋ?" ಎಂದು ಕೇಳಿದರು.

"ಎರಡೂ" ಎಂದಳು ಅವ್ವ.

"ಎರಡೂ ಈ ಕೂಸಗೋಳಿಗೆ ಆಗಿಬರೂದಿಲ್ಲ. ನಾಳೆ ಬಸ್ಸಿಗೆ ಊರಿಗೆ ಹೋಗ್ರಿ. ಆರಾಮ ಆದ ಮ್ಯಾಲೆ ಬರ್ರಿ. ಅಲ್ಲೀತನಕ ನಾ ಅದೇನಿ."

ನನ್ನವ್ವನನ್ನು ನನ್ನ ಮನೆಯಿಂದ ಅಟ್ಟಲು ಇವರ್‍ಯಾರು ಎಂದು ಸಿಟ್ಟು ಬಂತು. ಆದರೆ ಅವ್ವ ಹೋದ ಮೇಲೆ ಎದೆ ಹಗುರಾದದ್ದೂ ನಿಜ. ಅದಕ್ಕೆ ನಾಚಿಕೆಪಟ್ಟು ಮತ್ತೆ ಅತ್ತೆ.

ಆ ಅಳು ಗೋಡೆಯಾಚೆಗೆ ಕೇಳಿತು. ಮರುದಿನ ಬಂದವರೇ, "ಅಳಬ್ಯಾಡ ಅನ್ನೂದಿಲ್ಲ ತಂಗಿ. ಅಳೂಹಂಗ ಆಗೇತಿ, ಅಳು. ಆದ್ರ ಹೊತ್ತ ನೋಡಿ ಅಳು. ಮಧ್ಯಾಹ್ನ ಪಾಳಿ ಬದಲಾಗೂ ಭೋಂಗಾ ಹೊಡೀತೈತಲ್ಲ, ಆಗ ಹೆಂಗೂ ನಮ್ಮವರಿಗೆ ಎಚ್ಚರಾಗ್ತೈತಿ. ನಾ ಬಂದು ಕೂಸಿನ ಮುಂದ ಕುಂಡರ್ತೇನಿ. ನೀ ಬಚ್ಚಲಕ್ಕ ಹೋಗಿ ಅತ್ತು ಬಾ" ಎಂದರು.

ಹಾಗೇ ಆಯಿತು. ಗಿರಣಿಯ ಭೋಂಗಾ ಕೂಗುತ್ತಲೇ ನೀಲವ್ವನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುವರು, ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅಳುವೆ. ಮುಗಿಸಿ ಬಂದರೆ, "ಆತೇನ?" ಎನ್ನುವರು, ಪುಣ್ಯಕ್ಕೆ ಅದಕ್ಕಿಂತ ಹೆಚ್ಚಿಗೆ ಒಂದು ಮಾತಿಲ್ಲ. ಹತ್ತು ಹನ್ನೆರಡು ದಿನಗಳಾದ ಮೇಲೆ ಒಮ್ಮೆ ಎದೆಹಾಲು ಹಿಂಡಿ ಬಟ್ಟಲಿಗೆ ತುಂಬುವ ಗಡಿಬಿಡಿಯಲ್ಲಿ ನನಗೆ ಅಳುವುದೇ ಮರೆತುಹೋಯಿತು. ನೀಲವ್ವನವರಿಗೆ ನಿಜವಾಗಿಯೂ ಬೇಸರವಾಯಿತು. "ಇವತ್ತ ಅಳಾಕ ಹೋಗೂದಿಲ್ಲೇನ? ನಾ ಒಲೀ ಮ್ಯಾಲಿನ ಬ್ಯಾಳಿ ಇಳಿಸಿಟ್ಟು ಬಂದೇನಿ" ಎಂದರು. ಮಕ್ಕಳು ಹುಟ್ಟಿದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ.

ಆದರೂ ಒಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಗಂಡ ತಂದುಕೊಟ್ಟ, ಪೆನ್ನಿಗೆ ಮಸಿ ತುಂಬುವ ಹೊಸ ಫಿಲ್ಲರನ್ನು ಕುದಿಸಿಟ್ಟುಕೊಂಡು ಅದರಿಂದಲೇ ಹಾಲು ಹಾಕುತ್ತಿದ್ದೆ. ಮಕ್ಕಳನ್ನು ಬುಟ್ಟಿಯಿಂದ ಎತ್ತುತ್ತಿರಲಿಲ್ಲ. ಹೆಸರನ್ನೂ ಇಟ್ಟಿರಲಿಲ್ಲ. ನೀಲವ್ವನವರು ಅವಕ್ಕೆ "ಬಾಗಲಾ ಕಡೀದು", "ಗ್ವಾಡೀ ಕಡೀದು" ಎನ್ನುತ್ತಿದ್ದರು. ಚಾಳಿನವರೆಲ್ಲ ನನ್ನದು ಎಂಥ ಎಚ್ಚರಿಕೆ ಎಂದು ಹೊಗಳಿದರು. ನೀಲವ್ವನವರು ಹೊಗಳಲಿಲ್ಲ.

"ಯಾಕ ಎತ್ತಿಕೊಳ್ಳೂದಿಲ್ಲ?" ಎಂದು ಒಂದು ದಿನ ನೇರವಾಗಿ ಕೇಳಿದರು.

ಸುಳ್ಳು ಬಾಯಿಗೆ ಬರಲಿಲ್ಲ. "ಹೋಗೂ ಕೂಸಿನ ಕೂಡ ಯಾಕ ಬಳಕಿ ಬೆಳಸೂದ್ರಿ ಅಕ್ಕಾರ? ಆಮ್ಯಾಲೆ ನನಗ ತಡಕೊಳ್ಳಾಕ ಆಗೂದಿಲ್ಲ."

ಬೈಯುತ್ತಾರೆಂದುಕೊಂಡೆ. ಅವರು ಬಾಗಿ ಬಾಟಲಿ ಮುಟ್ಟಿ ನೋಡಿದರು, ಆರಿತ್ತು. "ಹೋದ್ರ ಹೋಗ್ತಾವು. ಅದು ನನ್ನ ಕೈಯಾಗೂ ಇಲ್ಲ, ನಿನ್ನ ಕೈಯಾಗೂ ಇಲ್ಲ. ಆದ್ರ ಹೋಗೂತನಕ ಥಂಡ್ಯಾಗ ಇರಬೇಕೇನ?" ಎಂದು, ಬಾಗಿಲ ಕಡೆಯ ಮಗಳನ್ನು ಎತ್ತಿ ನನ್ನ ಕುಪ್ಪಸದೊಳಗೆ ಎದೆಗೆ ಇಟ್ಟು, ಮೇಲೆ ಸೆರಗು ಬಿಗಿದರು. ಗೋಡೆಯ ಕಡೆಯ ಮಗನನ್ನು ತಮ್ಮ ಎದೆಗೆ ಇಟ್ಟುಕೊಂಡರು. ಇಬ್ಬರೂ ಗೋಡೆಗೆ ಒರಗಿ ಕೂತೆವು. ಗುಬ್ಬಿಯದರಂಥ ಒಂದು ಎದೆಬಡಿತ ನನ್ನ ಎದೆಗೆ ತಾಗುತ್ತಿತ್ತು. ನಾನು ತಡೆದಿಟ್ಟದ್ದೆಲ್ಲ ಅಲ್ಲಿಗೇ ಮುಗಿಯಿತು. ಬಳಕೆ ಬೆಳೆದೇಬಿಟ್ಟಿತು.

ಅಂದಿನಿಂದ ದಿನಕ್ಕೆ ನಾಲ್ಕು ಸಲ ಇದೇ ಕೆಲಸ. ಕೂಸೆಂದರೆ ಆಗದ ನೀಲವ್ವ ಎದೆಯೊಳಗೆ ಕೂಸಿಟ್ಟುಕೊಂಡು ಅಕ್ಕಿ ಆರಿಸುವುದನ್ನು ನೋಡಲು ಹೆಂಗಸರು ನೆಪ ಮಾಡಿಕೊಂಡು ಬರುತ್ತಿದ್ದರು. "ನೆಗಡಿ ಇದ್ದವರು ಹೊರಗ" ಎಂದು ಒಳಗಿನಿಂದಲೇ ಕೂಗುವರು. ನೆಗಡಿ ಇಲ್ಲದವರಿಗೂ ಅದೇ ಉತ್ತರ.

ಒಂದು ಸಂಜೆ ಮಗಳು ಅವರ ಎದೆಯ ಮೇಲಿದ್ದಾಗಲೇ ಉಸಿರು ನಿಲ್ಲಿಸಿದಳು. ತುಟಿ ನೀಲಿಯಾಯಿತು. ನೀಲವ್ವನವರು ಅವಳ ಅಂಗಾಲಿಗೆ ಬೆರಳಿನಿಂದ ಚಿಟುಕು ಹೊಡೆದರು, ಬೆನ್ನು ತಿಕ್ಕಿದರು, ಮತ್ತೆ ಅಂಗಾಲಿಗೆ ಹೊಡೆದರು. ಮಗಳು ಒಮ್ಮೆ ಬಿಕ್ಕಿ ಉಸಿರೆಳೆದಳು. ಬಣ್ಣ ಮರಳಿತು. "ಹೂಂ, ಹಿಡಕೋ" ಎಂದು ನನ್ನ ಕೈಗೆ ಕೊಟ್ಟು, ಏನೂ ಆಗಿಲ್ಲವೆಂಬಂತೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ, ಅವರ ಬಚ್ಚಲಿನಿಂದ ಬಿಕ್ಕಳಿಸಿದ್ದು ಕೇಳಿತು. ಭೋಂಗಾದ ಹೊತ್ತಲ್ಲ ಅದು.

ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಹಾಲು ಹಾಕುವುದು ತುಸು ತಡವಾದದ್ದಕ್ಕೆ, ಮಗ ಬಾಯಿ ತೆರೆದ. ಅಲ್ಲಿಯವರೆಗೆ ಬೆಕ್ಕಿನ ಮರಿಯಂತೆ ಕುಂಯ್‍ಗುಡುತ್ತಿದ್ದವನು ಸಾಲಿನ ಕೊನೆಯ ಮನೆಗೂ ಕೇಳುವಂತೆ ಚೀರಿದ. ಅಣ್ಣನ ಸದ್ದಿಗೆ ತಂಗಿಯೂ ದನಿಗೂಡಿಸಿದಳು. ಬಸಪ್ಪನವರು ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದರು. ನಾನು ಗಾಬರಿಯಿಂದ ಬಾಗಿಲು ಹಾಕಲು ಹೋದರೆ, ಗೋಡೆಯಾಚೆಯಿಂದ ನೀಲವ್ವನವರ ದನಿ ಬಂತು: "ಏಳ್ರಿ! ಏಳ್ರಿ ಅಂದ್ರ! ಹೆಂಗ ಅಳಾಕ ಹತ್ತ್ಯಾವ ಕೇಳ್ರಿಲ್ಲೆ!" ಪಾಪ, ಬಸಪ್ಪನವರು ಕಣ್ಣುಜ್ಜುತ್ತ, ಅರ್ಧ ಉಟ್ಟ ಧೋತರದಲ್ಲೇ ಬಂದು ನಮ್ಮ ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳಿದರು. "ಛಲೋ ಅಳ್ತಾವು" ಎಂದು ಒಪ್ಪಿ, ಮಲಗಲು ಹೋದರು. ಆ ವಾರವೇ ಮಕ್ಕಳಿಗೆ ಹೆಸರಿಟ್ಟೆವು.

ಮಕ್ಕಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಬಸಪ್ಪನವರ ನೌಕರಿ ಮುಗಿಯಿತು. ಇಬ್ಬರೂ ಧಾರವಾಡದ ಕಡೆಯ ತಮ್ಮ ಹಳ್ಳಿಗೆ ಹೊರಟರು. ಅವರಿಗೆ ನಾನು ಒಂದು ಒಳ್ಳೆಯ ಮಾತೂ ಹೇಳಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಾದರೂ ಹೇಳೋಣವೆಂದು ಎರಡು ದಿನ ಮಾತು ಜೋಡಿಸಿಕೊಂಡು ಹೋದೆ. ಅಲ್ಲಿ ನೀಲವ್ವನವರು ಬೀಸುವ ಕಲ್ಲನ್ನು ಬಸ್ಸಿನ ಮೇಲೆ ಹಾಕಬೇಕೋ ಒಳಗಿಡಬೇಕೋ ಎಂದು ಕಂಡಕ್ಟರನ ಜೊತೆ ಜಗಳಕ್ಕೆ ಬಿದ್ದಿದ್ದರು. ಬಸ್ಸು ಹೊರಟಾಗಲೂ ಜಗಳ ಮುಗಿದಿರಲಿಲ್ಲ. ನನ್ನ ಕಡೆ ಒಮ್ಮೆ ಕೈ ಬೀಸಿ, ಮತ್ತೆ ಅವನ ಕಡೆ ತಿರುಗಿದರು.

ನಾಲ್ಕು ವರ್ಷಗಳ ನಂತರ ಬಸಪ್ಪನವರ ಕಾರ್ಡು ಬಂತು. ಎರಡೇ ಸಾಲು: ಜ್ವರ ಬಂದು ಎಂಟು ದಿನ ಮಲಗಿದ್ದಳು, ಸೋಮವಾರ ಹೋದಳು. ಸಾಲೆಯಿಂದ ಬಂದ ಮಕ್ಕಳು ಅವಲಕ್ಕಿ ತಿನ್ನುತ್ತ ಕೂತಿದ್ದರು. ನನ್ನ ಕೈಯಲ್ಲಿನ ಕಾರ್ಡನ್ನು ಇಣುಕಿ ಓದಿ ಮಗ, "ಯಾರು ಸತ್ರವ್ವಾ?" ಎಂದ.

"ನೀಲವ್ವ ಅಂತ."

"ಅವರು ನಮಗ ಏನಾಗಬೇಕು?"

ಅಜ್ಜಿ, ದೊಡ್ಡವ್ವ, ಅತ್ತಿ ಎಂದು ಮನಸ್ಸಿನಲ್ಲೇ ಒಂದೊಂದನ್ನೂ ಇಟ್ಟು ನೋಡಿದೆ. ಯಾವುದೂ ಕೂಡಲಿಲ್ಲ.

"ಬಾಜೂ ಮನಿಯವರು" ಎಂದೆ.

"ಅಷ್ಟ?" ಎಂದಳು ಮಗಳು.

"ಅಷ್ಟ" ಎಂದೆ. ಇಬ್ಬರೂ ತಟ್ಟೆ ಅಲ್ಲೇ ಬಿಟ್ಟು ಹೊರಗೆ ಓಡಿದರು.